ತಳದ ಗಂಟಿನ ವಿಡಿಯೋ

ಹೊಳೆ ದಂಡೆಯ ಮೇಲೆ ಒಂದು ಪುಟ್ಟ ಆಶ್ರಮ. ಅಲ್ಲಿ ಪಂಪಜ್ಜ ಅಂತ ಗುರುಗಳು. ಬಿದಿರಿನ ಹರಿಗೋಲು ಹೆಣೆಯೋದೇ ಅವರು ಹೇಳಿಕೊಡೋ ಪಾಠ.

ವಯಸ್ಸಾಯಿತು, ಕೈ ನಡುಗತೊಡಗಿತು. ಕೊನೆಯದೊಂದು ಹರಿಗೋಲು ಹೆಣೆದರು.

ಶಿಷ್ಯ ಹೊನ್ನೂರಪ್ಪ ಅದನ್ನು ಮೊದಲಿಂದ ಕೊನೆಯವರೆಗೂ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಹೊಳೆಸಾಲಿನ ಊರುಗಳಿಗೆಲ್ಲ ಕಳಿಸಿದ. ಅವನ ಹಿಗ್ಗು ಹೇಳತೀರದು.

ಮೂರನೇ ದಿನ ಆಚೆ ದಡದ ದುರುಗವ್ವ ಬಂದಳು. ಜನರನ್ನು ಹೊಳೆ ದಾಟಿಸೋದೇ ಅವಳ ಬದುಕು.

“ನಿನ್ನ ವಿಡಿಯೋ ತೆರೆಯಾಕೇ ಒಲ್ದಪ್ಪ. ನನ್ನ ಹರಿಗೋಲಿನ ತಳ ಸಡಿಲಾಗೇತಿ. ಆ ತಳದ ಗಂಟು ನೋಡ್ದೆ ಈ ಮಳೆಗಾಲ ನಾನು ಹೊಳೆಗೆ ಇಳಿಯಂಗಿಲ್ಲ.”

“ಅದು ಒಂದು ಕಂಪನಿಯ ಫಾರ್ಮ್ಯಾಟ್ ಅಕ್ಕಾ. ಚಿತ್ರ ಕನ್ನಡಿಯಂಗೆ ನಿಚ್ಚಳ! ಅವರದೇ ಆ್ಯಪ್ ಹಾಕ್ಕೊಂಡ್ರೆ ತೆರಿತೈತಿ.”

“ಹಾಕ್ದೆ. ‘ನಿನ್ನ ಮೊಬೈಲ್ ಹಳೇದು, ಆಗಂಗಿಲ್ಲ’ ಅಂತು ಆ ಆ್ಯಪ್.”

ಪಂಪಜ್ಜ ಕೇಳಿಸಿಕೊಂಡರು. “ಊಟಕ್ಕೆ ಏಳ್ರಿ,” ಅಂದರು.

ಬಿಸಿ ಬಿಸಿ ಜೋಳದ ನುಚ್ಚು, ಮೇಲೆ ಮಜ್ಜಿಗೆ. ಹೊನ್ನೂರಪ್ಪ ತಟ್ಟೆಗೆ ಕೈ ಹಾಕಿದ. ಅಜ್ಜ ಆ ಕೈ ಹಿಡಿದರು.

“ಈ ನುಚ್ಚನ್ನ ನನ್ನ ಚಮಚದಾಗೇ ತಿನ್ಬೇಕು.”

“ಕೊಡ್ರಿ ಮತ್ತೆ ಅಜ್ಜಾರೆ.”

“ನಿನ್ನ ಬಾಯಿ ಹಳೇದು. ಅದಕ್ಕೆ ಹೊಂದಂಗಿಲ್ಲ.”

ದುರುಗವ್ವ ನಕ್ಕ ನಗೆಗೆ ಮಜ್ಜಿಗೆ ನೆತ್ತಿಗೇರಿತು.

ಹೊನ್ನೂರಪ್ಪನ ಕಿವಿ ಕೆಂಪಾದವು. “ತಪ್ಪಾತ್ರಿ. ಯಾರ ಒಡೆತನವೂ ಇಲ್ದ, ಹಳೇ ಮೊಬೈಲಿನಾಗೂ ತೆರೆಯೋ ಫಾರ್ಮ್ಯಾಟ್ ಐತಿ. ಅದಕ್ಕೆ ಬದಲಾಯಿಸ್ತೀನಿ.”

“ಮೊದ್ಲು ಉಣ್ಣು,” ಅಂದು ಅಜ್ಜ ಕೈ ಬಿಟ್ಟರು.

ಇಳಿಹೊತ್ತಿಗೆ ವಿಡಿಯೋ ಸಿದ್ಧವಾಯಿತು. ದುರುಗವ್ವನ ಬಿರುಕುಬಿಟ್ಟ ಮೊಬೈಲಿನಲ್ಲೇ ಓಡಿತು. ಅವಳು ತಳದ ಗಂಟು ಹಾಕೋ ಭಾಗವನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದಳು.

“ಅಯ್ಯ ನನ್ನವ್ವ! ಎರಡು ಸುತ್ತು! ನಾನು ಇಷ್ಟು ವರ್ಷ ಒಂದೇ ಸುತ್ತಿನಾಗ ತೇಲ್ಕೊಂಡು ಬಂದೀನಲ್ಲ!”

ನಗುತ್ತಲೇ ಹೊರಟುಹೋದಳು.

ಹೊನ್ನೂರಪ್ಪನಿಗೆ ಈಗ ಬೇರೆ ಅಳುಕು.

“ಅಜ್ಜಾರೆ, ಇನ್ನು ಈ ವಿಡಿಯೋನ ಯಾರು ಬೇಕಾದ್ರೂ ತೆರೆದು ತಿದ್ದಬಹುದು. ಯಾರೋ ಒಬ್ಬ ಅದರಾಗಿನ ನಿಮ್ಮ ಗಂಟು ಕತ್ತರಿಸಿ ಹಾಕಿ, ತನ್ನದೊಂದು ಹೊಸಾ ಗಂಟು ಸೇರಿಸಿದ್ರೆ?”

“ಸೇರಿಸ್ಲಿ.”

“ಅವನ ಹರಿಗೋಲು ಮುಳುಗಿದ್ರೆ?”

“ಅವನೇ ಮತ್ತೆ ನಮ್ಮ ಗಂಟು ಹುಡುಕ್ಕೊಂಡು ಬರ್ತಾನ.”

“ಮುಳುಗದಿದ್ರೆ? ನಿಮ್ಮದಕ್ಕಿಂತ ಚೆಂದ ತೇಲಿದ್ರೆ?”

ಪಂಪಜ್ಜರ ಮುಖ ಹಿಗ್ಗಿನಿಂದ ಅರಳಿತು.

“ಹಂಗಾದ್ರೆ ನನ್ನನ್ನ ಅವನ ಹತ್ರ ಕರ್ಕೊಂಡು ಹೋಗೋ. ಈ ಮುದುಕ ಶಿಷ್ಯ ಬೇಕೇನ್ರಿ ಅಂತ ಕೇಳಿ ಬರೋಣ.”