ತಾನಾಗಿ ಬೇಯದ ಅನ್ನ

ಹೊಳೆದಂಡೆಯ ಆಶ್ರಮವೊಂದರಲ್ಲಿ ದೇವಾಂಬೆ ಎಂಬ ಗುರುಗಳಿದ್ದರು. ಅಲ್ಲಿನ ಔಷಧಶಾಲೆಯನ್ನು ಶಿಷ್ಯೆ ಗಿರಿಜೆ ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದಳು.

ಆ ಮಳೆಗಾಲ ಆಚೆ ದಡದ ಹಳ್ಳಿಗಳಿಗೆ ಜ್ವರ ಬಂತು. ಗಿರಿಜೆ ಹತ್ತೊಂಬತ್ತು ದಿನ ಒಲೆಯ ಮುಂದೆ ಕೂತು ಕಷಾಯ ಕುದಿಸಿದಳು. ಇನ್ನೊಬ್ಬ ಶಿಷ್ಯ ವಿರೂಪ ಅದಕ್ಕೆ ಬೇಕಾದ ನೆಲಬೇವಿನ ಸೊಪ್ಪು ತಂದುಕೊಟ್ಟ, ಕಷಾಯವನ್ನು ದೋಣಿಯಲ್ಲಿ ಸಾಗಿಸಿದ.

ಔಷಧಶಾಲೆಗೆ ಮುಖ್ಯಸ್ಥರನ್ನು ಆರಿಸಲು ಹಳ್ಳಿಯ ಹಿರಿಯರು ಬಂದರು.

"ಜ್ವರ ಇಳಿಸಿದ್ದು ಯಾರಪ್ಪ?"

"ನಾನೇ," ಎಂದ ವಿರೂಪ.

"ನೀನೇನಮ್ಮ ಅಂತೀಯ?"

"ಏನಿಲ್ಲ, ಗುರುಕೃಪೆ. ಹೇಗೋ ಇಳೀತು," ಎಂದಳು ಗಿರಿಜೆ.

ಮಧ್ಯಾಹ್ನದ ಊಟ ಮುಗಿಸಿ ಔಷಧಶಾಲೆಯ ಬೀಗದಕೈಯನ್ನು ವಿರೂಪನಿಗೆ ಕೊಡುವುದೆಂದು ತೀರ್ಮಾನವಾಯಿತು. ಹಿತ್ತಿಲಲ್ಲಿ ಗಿರಿಜೆ ಪಾತ್ರೆ ತಿಕ್ಕುವ ಸದ್ದು ಜೋರಾಯಿತು.

"ಪಾಪ, ಪಾತ್ರೆಗಳು ಏನು ತಪ್ಪು ಮಾಡಿದವು?" ದೇವಾಂಬೆ ಬಂದು ಪಕ್ಕದಲ್ಲಿ ಕೂತರು.

"ನೀವೇ ಒಂದು ಮಾತು ಹೇಳಬಹುದಿತ್ತಲ್ಲ, ಅಮ್ಮ?"

"ನಾನು ಹೇಳಿದರೆ ಶಿಷ್ಯೆಯ ಮೇಲಿನ ಮಮತೆ ಅಂತಾರೆ. ಅದು ಸುಳ್ಳೂ ಅಲ್ಲ. ನೀನ್ಯಾಕೆ ಹೇಳಲಿಲ್ಲ?"

"ನನ್ನನ್ನ ನಾನೇ ಹೊಗಳಿಕೊಳ್ಳೋದಾ? ಅಹಂಕಾರ ಅಲ್ವಾ ಅದು? ಕೆಲಸ ಆಯ್ತಲ್ಲ, ಸಾಕು."

"ಆಯ್ತು. ಸರಿ ಹಾಗಾದರೆ."

ಅಂದು ಅಡುಗೆಯ ಸರದಿ ದೇವಾಂಬೆಯವರದು. ಗಿರಿಜೆ ಪಾತ್ರೆ ಹೊತ್ತು ಒಳಗೆ ಬಂದರೆ ಒಲೆ ತಣ್ಣಗಿತ್ತು. ಗುರುಗಳು ಗೋಡೆಗೊರಗಿ ಕಣ್ಣು ಮುಚ್ಚಿದ್ದರು.

"ಅಮ್ಮ, ಅಡುಗೆ?"

"ಆಗುತ್ತೆ."

"ಹಿರಿಯರು ಹಸಿದು ಕೂತಿದ್ದಾರೆ. ಅಕ್ಕಿ ಇನ್ನೂ ಮೊರದಲ್ಲೇ ಇದೆ."

"ಬಿಡು. ಜ್ವರ ಹೇಗೋ ಇಳೀತು. ಅನ್ನ ಹೇಗೋ ಬೇಯಲ್ವಾ?"

ಗಿರಿಜೆಗೆ ಸಿಟ್ಟಿನ ನಡುವೆಯೂ ನಗು ಬಂತು.

"ಎಲ್ಲಿ, ನೀನು ಮಾಡಿದ್ದನ್ನ ಒಂದು ಸಲ ಹೇಳು ನೋಡೋಣ. ಕಷಾಯ?"

"ಕಷಾಯ... ಕುದೀತು."

"ಯಾರು ಕುದಿಸಿದ್ದು?"

"ನಿಮ್ಮ ಕೃಪೆ."

"ನನ್ನ ತಲೆಗೆ ಕಟ್ಟಬೇಡ ತಾಯಿ. ಅಷ್ಟು ದಿನವೂ ನಾನು ಅದೇ ಜ್ವರದಲ್ಲಿ ಕಂಬಳಿ ಹೊದ್ದು ನರಳುತ್ತಿದ್ದೆ. ನೀನು ಕುಡಿಸಿದ್ದಕ್ಕೆ ಎದ್ದೆ."

ಗಿರಿಜೆ ತಲೆ ತಗ್ಗಿಸಿದಳು.

"ವಿರೂಪ ತರೋ ಬುಟ್ಟೀಲಿ ನೆಲಬೇವಿನ ಜೊತೆ ಇನ್ನೇನೇನಿರುತ್ತೆ?"

"ಕೈಗೆ ಸಿಕ್ಕಿದ್ದೆಲ್ಲ. ದಿನಾ ಸಂಜೆ ಆರಿಸಿ ತೆಗೀತೀನಿ."

"ಅವನಿಗೆ ಗೊತ್ತಾ?"

"ಇಲ್ಲ. ಬೇಜಾರು ಮಾಡ್ಕೊಂಡಾನು ಅಂತ ಹೇಳಿಲ್ಲ."

"ಊಟ ಆದಮೇಲೆ ಬೀಗದಕೈ ಅವನ ಹತ್ತಿರ. ಯಾರದೋ ಕೂಸಿಗೆ ಏನೋ ಕುಡಿಸ್ತಾನೆ. ಆಮೇಲೆ ಎಲ್ಲರೂ ಸೇರಿ, ತಪ್ಪಾಯ್ತು ಅಂತೀವಿ."

ಗಿರಿಜೆ ಪಾತ್ರೆ ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಹಿರಿಯರಿದ್ದ ಜಗಲಿಯ ಕಡೆ ನಡೆದಳು. ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಅಮ್ಮ, ಜಂಬಗಾತಿ ಅಂದುಬಿಟ್ಟರೆ?"

ದೇವಾಂಬೆ ಒಲೆಗೆ ಸೌದೆ ಇಡುತ್ತಿದ್ದರು.

"ಅನ್ನಲಿ. ಹೇಳಿ ಬೇಗ ಬಾ. ಇವತ್ತು ಸಾರು ನಾನು ಮಾಡ್ತಿದ್ದೀನಿ. ನಾನು ಮಾಡಿದ ಸಾರು ಚೆನ್ನಾಗಿರುತ್ತೆ."