ಗಡ್ಡ ಬಂದ ಹುಲ್ಲು

ಹೊಳೆದಂಡೆಯ ಮಠಕ್ಕೆ ಎರಡು ಎಕರೆ ಗದ್ದೆಯಿತ್ತು. ದಾಸೋಹಕ್ಕೆ ಬೇರೆ ಅಕ್ಕಿ ಇರಲಿಲ್ಲ.

ಮೂರು ವರ್ಷದಿಂದ ಬೆಳೆ ಇಳಿಯುತ್ತ ಬಂದಿತ್ತು. ಇನ್ನೊಮ್ಮೆ ಇಳಿದರೆ ಸಂಜೆಯ ಒಲೆ ಆರಿಸಬೇಕು. ಸಂಜೆ ಉಣ್ಣಲು ಬರುವವರು ಕೂಲಿಯವರು. ಅವರಿಗೆ ಬೇರೆ ಮನೆಯಿಲ್ಲ.

ಕೊಯ್ಲು ಮುಗಿದಿತ್ತು. ಊರಿಗೆ ಊರೇ ಗದ್ದೆಯ ಹುಲ್ಲಿಗೆ ಬೆಂಕಿಯಿಟ್ಟಿತ್ತು. ಹೊಗೆಗೆ ಕೂಸುಗಳು ಕೆಮ್ಮುತ್ತಿದ್ದವು. ಯಾರಿಗೂ ನಾಚಿಕೆಯಿರಲಿಲ್ಲ.

ಮಠದ ಉಗ್ರಾಣವನ್ನೂ ಗದ್ದೆಯನ್ನೂ ನೋಡಿಕೊಳ್ಳುವ ಶಿಷ್ಯ ಅಡಿವೆಪ್ಪ ಗುರುಗಳಾದ ಅಜ್ಜನ ಬಳಿ ಬಂದ.

"ಅಜ್ಜಾರ, ನಮ್ಮ ಹುಲ್ಲೂ ಸುಡಲೇನ್ರಿ? ಬೂದಿ ಗೊಬ್ಬರ ಆಗತೈತಿ."

"ನಾಳೆ ನಿನ್ನ ತಾಟಿಗೆ ಬೂದಿ ಬಡಸ್ತೀನಿ. ಉಣ್ತೀಯೇನು?"

ಅಜ್ಜ ಊರಿನ ಹೊಗೆಯ ಕಡೆ ಬೆರಳು ತೋರಿಸಿದರು.

"ಹುಲ್ಲಿನ ಕಸುವು ಹೊಗಿಯಾಗಿ ಮುಗಿಲಿಗೆ ಹೋಗತೈತಿ. ಅದು ಮಣ್ಣಾಗ ಇರಬೇಕು. ಮಣ್ಣು ಹಸದೈತಿ."

ಅಜ್ಜ ಸಗಣಿ ನೀರಿನಲ್ಲಿ ಹುಲ್ಲು ಕೊಳೆಸುವ ಒಂದು ಹಸಿರು ಪುಡಿ ಕಲಸಿ ಕೊಟ್ಟರು. ಅಡಿವೆಪ್ಪ ಹುಲ್ಲನ್ನು ನೆನೆಸಿ, ಅದರ ಮೇಲೆ ಚಿಮುಕಿಸಿದ.

ಹತ್ತನೆಯ ದಿನ ಹುಲ್ಲು ಎತ್ತಿ ನೋಡಿದ. ಒಳಗೆಲ್ಲ ಬಿಳಿ ಬೂಷ್ಟು.

ಹನ್ನೊಂದು ವರ್ಷ ಉಗ್ರಾಣ ಕಾದವನು ಅವನು. ಬೂಷ್ಟು ಕಂಡ ಕಾಳನ್ನು ಒಂದು ದಿನವೂ ಒಳಗೆ ಇಟ್ಟವನಲ್ಲ.

ಪಕ್ಕದ ಗದ್ದೆಯ ಶರಣೇಗೌಡ ಬದುವಿನ ಮೇಲೆ ನಿಂತು ನಕ್ಕ.

"ಏನಪಾ ಅಡಿವೆಪ್ಪ, ಮಠದ ಹುಲ್ಲಿಗೂ ಗಡ್ಡ ಬಂತಲ್ಲೋ! ಅಜ್ಜಾರಿಗೆ ಹೇಳಿ ದೀಕ್ಷಾ ಕೊಡಸು."

ಅಡಿವೆಪ್ಪ ಮಠದ ಗದ್ದೆಯ ನಡುಬದುವಿನ ಈಚೆಯ ಅರ್ಧದ ಹುಲ್ಲನ್ನೆಲ್ಲ ಕೆದರಿ ಬಿಸಿಲಿಗೆ ಒಣಗಿಸಿದ. ಮೂರನೆಯ ದಿನ ಕಡ್ಡಿ ಗೀರಿದ. ನಡುಬದುವಿನ ಆಚೆಯ ಅರ್ಧ ಇನ್ನೂ ಹಸಿಯಿತ್ತು. ಬೆಂಕಿ ಅಲ್ಲಿಗೆ ಬಂದು ನಿಂತಿತು.

ಹೊಗೆ ನೋಡಿ ಅಜ್ಜ ಬರಿಗಾಲಲ್ಲೇ ಓಡಿ ಬಂದರು.

"ಯಾಕ ಸುಟ್ಟಿ?"

"ಬೂಷ್ಟು ಹಿಡದಿತ್ರಿ. ಬೂಷ್ಟು ಹಿಡದದ್ದು ಒಂದು ಕಾಳೂ ಇಟ್ಕೋಬ್ಯಾಡ ಅಂತ ನೀವ ಕಲಿಸೀರಿ."

"ಉಗ್ರಾಣದಾಗ ಅದು ನಮ್ಮ ಅನ್ನ ತಿಂತೈತಿ. ಗದ್ದ್ಯಾಗ ನಮ್ಮ ಅನ್ನ ಬೇಯಸತೈತಿ. ಬೇಯೋ ಗಡಿಗಿ ಒದ್ದಿ ನೀನು!"

ಅಡಿವೆಪ್ಪ ಅತ್ತ. "ನಾನು ಮಠ ಬಿಟ್ಟು ಹೋಗ್ತೀನ್ರಿ."

"ಒಲಿ ಆರಿಸಿ ಓಡಿ ಹೋಗಾಕ ಬಿಡಾಂಗಿಲ್ಲ. ಈ ಅರ್ಧ ಸುಟ್ಟದ್ದು. ಆ ಅರ್ಧ ಉಳದದ್ದು. ಎರಡರಾಗೂ ನಾಟಿ ಮಾಡು. ಒಂದ ಬೀಜ, ಒಂದ ನೀರು. ಆಮ್ಯಾಲೆ ಮಾತಾಡೂಣು."

ಅಡಿವೆಪ್ಪ ಹಟ ಹಿಡಿದು ದುಡಿದ. ಉಳಿದ ಅರ್ಧದಲ್ಲಿ ಬಿಳಿ ಗಡ್ಡ ಕರಗಿ ಕಪ್ಪಾಯಿತು. ಉಳುವಾಗ ಎತ್ತುಗಳು ಅಲ್ಲಿ ಹಗುರಾಗಿ ನಡೆದವು, ಸುಟ್ಟ ಅರ್ಧದಲ್ಲಿ ಏದುಸಿರು ಬಿಟ್ಟವು. ಒಂದು ಪೈರು ಕಿತ್ತು ನೋಡಿದ. ಬೇರಿನ ತುಂಬ ಮಣ್ಣು ಅಂಟಿಕೊಂಡು ಬಂತು.

ರಾಶಿಯಾಯಿತು. ಸುಟ್ಟ ಅರ್ಧ ಹೋದ ವರ್ಷಕ್ಕಿಂತಲೂ ಕಡಿಮೆ ಕೊಟ್ಟಿತು. ಉಳಿದ ಅರ್ಧ ಆ ಕೊರತೆ ತುಂಬಿ, ಮೇಲೆ ನಾಲ್ಕು ಚೀಲ ಹೆಚ್ಚು ಕೊಟ್ಟಿತು. ಸಂಜೆಯ ಒಲೆ ಉಳಿಯಿತು.

ಅಡಿವೆಪ್ಪ ಚೀಲಗಳನ್ನು ಉಗ್ರಾಣಕ್ಕೆ ಹೊತ್ತ. ತಿರುಗಿ ಬಂದು, ಯಾರೂ ಹೇಳದೆಯೇ ಎರಡೂ ಅರ್ಧದ ಹುಲ್ಲಿಗೆ ನೀರು ಬಿಟ್ಟ.

ಬದುವಿನ ಮೇಲೆ ಶರಣೇಗೌಡ ನಿಂತಿದ್ದ. ಈ ಸಲ ನಗುತ್ತಿರಲಿಲ್ಲ. ಅವನ ಗದ್ದೆಯ ಹುಲ್ಲು ಸುಡಲು ಒಣಗಿ ಬಿದ್ದಿತ್ತು.

"ಅಜ್ಜಾರ, ಆ ಗಡ್ಡ ನಮ್ಮ ಹುಲ್ಲಿಗೂ ಬರತೈತೇನ್ರಿ?"

ಗದ್ದೆ ನೋಡಲು ಬಂದಿದ್ದ ಅಜ್ಜ ಕೈ ಚಾಚಿದರು.

"ಮೊದಲ ನಿನ್ನ ಕಿಸೆದಾಗಿನ ಕಡ್ಡಿಪೆಟ್ಟಿಗಿ ಕೊಡು ಗೌಡ. ಸಂಜಿ ಒಲಿ ಹಚ್ಚೂದೈತಿ."