ಜೋಳಿಗೆಯಲ್ಲಿ ಕಲ್ಲಿನ ಬೆರಳು

ಕೊಳ್ಳದ ದಂಡೆಯ ಮೇಲೊಂದು ಮಠ. ಅಲ್ಲಿ ಮೌನಜ್ಜ ಅಂತ ಗುರುಗಳು.

ಹೆಸರಷ್ಟೇ ಮೌನ. ಸಿಟ್ಟು ಬಂತೆಂದರೆ ಅವರ ದನಿಗೆ ಆಚೆ ಗುಡ್ಡದಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವು. ಕಡೆಯುತ್ತಿದ್ದ ಮಜ್ಜಿಗೆ ತಿರುಗಿ ಹಾಲಾಗುತ್ತಿತ್ತು. ಆ ಹಾಲು ಕುಡಿದವರಲ್ಲಿ ನಾನೂ ಒಬ್ಬ. ನಂಬುವವರು ನಂಬಲಿ.

ಮಠಕ್ಕೆ ಹೊಲವಿಲ್ಲ, ಮನೆಯಿಲ್ಲ. ದಿನಾ ಜೋಳಿಗೆ ಹಿಡಿದು ಊರೊಳಗೆ ಭಿಕ್ಷೆಗೆ ಹೋಗಬೇಕು. ಜೋಳಿಗೆಗೆ ಒಂದೇ ಕಟ್ಟಳೆ. ನೀಡಿದ್ದು ಬೀಳಬೇಕು, ಕಿತ್ತದ್ದು ಬೀಳಬಾರದು.

ಮೇಲಿನ ಓಣಿಗೆ ಶಿಷ್ಯರು ಹೋಗುತ್ತಿದ್ದರು. ಕೆಳಗಿನ ಓಣಿಗೆ ಮಾತ್ರ ಅಜ್ಜಾರು ತಾವೇ ಹೋಗುತ್ತಿದ್ದರು. ಅದು ಕೂಲಿಯವರ ಓಣಿ. ಜೋಳಿಗೆ ಕಂಡರೆ ಸಾಕು, ಅಲ್ಲಿಯ ತಾಯಂದಿರು ಮಕ್ಕಳ ಗಂಗಾಳದೊಳಗಿನ ರೊಟ್ಟಿಯನ್ನೂ ಎತ್ತಿ ನೀಡಿಬಿಡುವವರು.

ಅಜ್ಜಾರು ಯಾರನ್ನು ಕೆಳಗಿನ ಓಣಿಗೆ ಕಳಿಸುತ್ತಾರೋ ಅವನೇ ಪೂರಾ ಶಿಷ್ಯ. ಶಿಷ್ಯರಲ್ಲೊಬ್ಬ ಭರಮಣ್ಣ ಅದಕ್ಕಾಗಿ ಕಾದು ಕಾದು ಗಡ್ಡ ಬಿಟ್ಟಿದ್ದ.

"ಅಜ್ಜಾರ, ನನ್ನ ಯಾವಾಗ ಕೆಳಗಿನ ಓಣಿಗೆ ಕಳಸ್ತೀರಿ?"

"ಮೊದಲ ನಾಡು ನೋಡಿ ಬಾ. ಗುಡ್ಡ ನೋಡು, ಗವಿ ನೋಡು, ನೀರು ಬೀಳೋ ಜಾಗಾ ನೋಡು. ಆಮ್ಯಾಲ ಮಾತು."

ಭರಮಣ್ಣ ಹೋದ. ಕಾಲುದಾರಿ ಹಿಡಿದು ತಿರುಗಿದ. ಬಿಸಿಲಿಗೆ ಕರ್ರಗಾಗಿ ಬಂದ. ಬಂದವನು ಹೊಸ್ತಿಲಲ್ಲೇ ಶುರು ಮಾಡಿದ.

"ಅಲ್ಲಿ ನೋಡಾಕ ಬರೋರಿಗೆ ಮಂದಿ ಅನ್ನಬ್ಯಾಡ್ರಿ ಅಜ್ಜಾರ. ಮಂಗ್ಯಾಗೋಳು!"

"ಯಾಕೋ, ಏನಾತು?"

"ಕಮಾನುಗಲ್ಲು ಅಂತ ಒಂದೈತ್ರಿ. ಗಾಳಿ ಕೊರದ ಕಮಾನು. ಆನಿ ಮ್ಯಾಲ ಕುಂತು, ಛತ್ರಿ ಹಿಡಕೊಂಡು ಅದರ ಕೆಳಗ ದಾಟಬಹುದು. ಅಂಥಾ ಕಲ್ಲಿನ ಮ್ಯಾಲ ಒಬ್ಬ ಮೊಳಿ ತಗೊಂಡು ತನ್ನ ಹೆಸರು ಕೆತ್ತಾಕತ್ತಿದ್ದ! ಬಾಜೂಕ ಹೆಂಡತಿ ಹೆಸರು!"

"ನೀ ಏನಂದಿ?"

"ಕಲ್ಲೇನು ನಿಮ್ಮಪ್ಪಂದೇನಲೇ ಅಂದೆ."

"ಛಲೋ ಅಂದಿ."

"ನೀರು ಬೀಳೋ ಕೊಳ್ಳದಾಗ ಬಾಟ್ಲಿ, ಚಿಪ್ಸಿನ ಪಾಕೀಟು. ಹಾಡಿನ ಡಬ್ಬಿ ಹಚ್ಚಿ ಕುಣ್ಯಾಕತ್ತಿದ್ರು. ನೀರಿನ ಸಪ್ಪಳ ನೀರಿಗೇ ಕೇಳವಲ್ದು! ಎಲ್ಲಾರೂ ಕೊಳ್ಳಕ್ಕ ಬೆನ್ನು ಮಾಡಿ ಸೆಲ್ಫಿ ತಗದ್ರು, ಹ್ವಾದ್ರು. ಒಬ್ಬರೂ ಮಾರಿ ತಿರುವಿ ನೀರು ನೋಡಲಿಲ್ರಿ!"

"ಕಳ್ಳರು!" ಅಂದರು ಅಜ್ಜಾರು. ಬೆತ್ತ ನೆಲಕ್ಕೆ ಬಡಿದರು. ಗೋಡೆಯ ಹಲ್ಲಿ ಬಾಲ ಬಿಟ್ಟು ಓಡಿತು.

"ಅಗದೀ ಕಳ್ಳರು!"

"ನೀ ಆದ್ರೂ ಕಣ್ಣು ತುಂಬ ನೋಡಿದ್ಯಾ?"

"ನೋಡೀನ್ರಿ. ಗುರುತು ತಂದೀನಿ."

ಭರಮಣ್ಣ ಜೋಳಿಗೆ ಬಿಚ್ಚಿ ಕಂಬಳಿಯ ಮೇಲೆ ಸುರಿದ. ಕಮಾನುಗಲ್ಲಿನ ಕೆಂಪು ಚೂರೊಂದು. ಬೇರು ಸಮೇತ ಸೀತಾಳೆ ಹೂವಿನ ಗಿಡ. ಕಡೆಗೆ, ಬೆರಳಿನಂಥ ಒಂದು ಬಿಳಿ ಕಲ್ಲು.

ಅಜ್ಜಾರ ದನಿ ಇಳಿಯಿತು. ಏರಿದ ದನಿಗೆ ಎಮ್ಮೆಗಳಷ್ಟೇ ಏಳುತ್ತಿದ್ದವು. ಇಳಿದ ದನಿಗೆ ಹುಲಿಗಳೂ ಗುಡ್ಡ ಬಿಟ್ಟಿದ್ದುಂಟು.

"ಈ ಚೂರು ಯಾರು ನೀಡಿದ್ರು?"

"ಬಿದ್ದಿತ್ರಿ. ಅಂದ್ರ, ಸಡ್ಲಾಗಿತ್ತು. ಜಗ್ಗಿದೆ."

"ಈ ಹೂವು?"

"ನೀರು ಬೀಳೋ ಬಂಡೆಗಲ್ಲಿನ ಮ್ಯಾಲಿಂದು. ಅಲ್ಲಿ ಮಸ್ತ್ ಅದಾವ್ರಿ."

"ಈ ಬೆರಳು?"

"ಗವಿಯ ಮ್ಯಾಲಿನ ಮಾಡಿಗೆ ಜೋತು ಬಿದ್ದಿತ್ರಿ. ಸುಣ್ಣದ ನೀರು ಹನಿಹನಿ ಇಳದು ಹಂಗ ಕಲ್ಲಾಗೇತಂತ. ನಮ್ಮ ಮುತ್ತ್ಯಾನ ಮುತ್ತ್ಯಾ ಹುಟ್ಟೂಕಿಂತ ಮೊದಲಿಂದು." ಭರಮಣ್ಣ ಬಿಳಿ ಕಲ್ಲನ್ನು ಅಜ್ಜಾರ ಕಡೆ ಸರಿಸಿದ. "ತುದಿ ಅಷ್ಟ ಮುರದೆ. ಸಣ್ಣದು. ನಿಮಗ ತೋರಸಾಕ್ರಿ."

ಅಜ್ಜಾರು ಎದ್ದರು. ಗೋಡೆಯ ಗೂಡಿನಿಂದ ಅಡಿಕೆ ಕತ್ತರಿಸುವ ಅಡಕೊತ್ತು ತಂದರು. ಭರಮಣ್ಣನ ಕಿರುಬೆರಳು ಹಿಡಿದು ಅದರ ಬಾಯಿಗೆ ಇಟ್ಟರು.

"ಅಜ್ಜಾರ!"

"ನಾನೂ ನಿನ್ನ ನೋಡೀನಿ. ನಾಳೆ ಮಂದಿ ಗುರುತು ಕೇಳ್ತಾರ. ತುದಿ ಅಷ್ಟ. ಸಣ್ಣದು."

"ಬ್ಯಾಡ್ರೀ ಅಜ್ಜಾರ, ಕೈ ಮುಗಿತೀನಿ!"

"ಯಾಕ? ನಿನ್ನ ಕೈಯಾಗ ಇನ್ನೂ ಮಸ್ತ್ ಅದಾವಲ್ಲ?"

ಅಜ್ಜಾರು ಬೆರಳು ಬಿಟ್ಟು ಅಡಕೊತ್ತು ಎಸೆದರು.

"ಕಳ್ಳರಿಗೆ ಬೈದು ಬಂದ ಕಳ್ಳ! ಕೆತ್ತಿದಾವ ತನ್ನ ಹೆಸರಾದ್ರೂ ಅಲ್ಲಿ ಬಿಟ್ಟು ಹ್ವಾದ. ನೀ ಅಲ್ಲಿದ್ದದ್ದನ್ನ ಹೊತ್ಕೊಂಡು ಬಂದಿ. ಜೋಳಿಗ್ಯಾಗ ಕಳುವಿನ ಮಾಲು! ನಡಿ, ಎಲ್ಲಾ ತಿರುಗಿ ಇಟ್ಟು ಬಾ."

"ಹೂಂ ರೀ."

"ಇಟ್ಟ ಮ್ಯಾಲ, ಮಂದಿ ಹೊಸ್ತಿಲದಾಗ ನಿಂತಂಗ ಅಲ್ಲಿ ನಿಂದ್ರು. ಜೋಳಿಗಿ ಒಡ್ಡು. ಏನು ನೀಡ್ತಾವೋ ಅದನ್ನ ತಗೊಂಡು ಬಾ. ಆಗಲಿಲ್ಲಂದ್ರ ಅಗೋ ಗೂಟ. ಜೋಳಿಗಿ ಅದಕ್ಕ ತೂಗಹಾಕಿ ನಿಮ್ಮೂರಿಗೆ ನಡಿ."

"ಕಲ್ಲು, ನೀರು ಏನು ನೀಡ್ತಾವ್ರಿ?"

"ಕೇಳದ ಕಿತ್ಕೊಂಡಾವಗ ಹೆಂಗ ಗೊತ್ತಾಗಬೇಕು?"

ಭರಮಣ್ಣ ಹೊರಟ. ದಾರಿಯುದ್ದಕ್ಕೂ ಗುರುಗಳನ್ನು ಬೈದ. ಊರ ಮಂದಿ ಕಲ್ಲು ಕೆತ್ತಿದರೂ ಬೈಗುಳ ತನಗೇ ಅಂತ ಉರಿದುಕೊಂಡ. ಅವನ ಬೈಗುಳಕ್ಕೆ ದಾರಿಬದಿಯ ಜಾಲಿಗಿಡ ಬಾಡಿದವು ಅನ್ನುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಒಂದೆರಡು ಬಾಡಿರಬಹುದು.

ತಿರುಗಿ ಬಂದಾಗ ಅವನ ಬಾಯಲ್ಲಿ ಬೈಗುಳ ಇರಲಿಲ್ಲ. ಅಜ್ಜಾರು ಕಂಬಳಿ ಹೊಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಇಟ್ಟು ಬಂದ್ಯಾ?"

"ಕಮಾನಿನ ಚೂರು ಕೂಡಲಿಲ್ರಿ. ಬುಡಕ್ಕ ಇಟ್ಟೆ. ಹೂವಿನ ಬೇರು ಬಂಡೆಗಲ್ಲಿಗೆ ನಾರಿಲೆ ಕಟ್ಟೀನಿ. ಹಿಡದ್ರ ಅದರ ಪುಣ್ಯಾ."

"ಬೆರಳು?"

ಭರಮಣ್ಣ ಜೋಳಿಗೆಯ ಹರಿದ ಅಂಚು ಮಡಚತೊಡಗಿದ.

"ಕೇಳಿದೆ ನಾ."

"ಹತ್ತಲಿಲ್ರಿ. ಒತ್ತಿ ಹಿಡದೆ, ಕೈ ಸೋತು ಜೋಮು ಹಿಡೀತು. ಬಿಟ್ಟರ ಅಂಗೈಗೇ ಬೀಳ್ತಿತ್ತು. ಅಲ್ಲೇ ಗವಿ ನೆಲಕ್ಕ ಇಟ್ಟು ಬಂದೆ."

ಅಜ್ಜಾರು ಸಮಾಧಾನ ಹೇಳಲಿಲ್ಲ. "ಜೋಳಿಗಿ ತಾ," ಅಂದರು. ಒಳಗೆ ಕೈ ಹಾಕಿದರು. ಮಗುಚಿ ಕೊಡವಿದರು. ಧೂಳೂ ಬೀಳಲಿಲ್ಲ.

"ಏನೂ ನೀಡಲಿಲ್ಲೇನು?"

"ನೀಡ್ತ್ರಿ. ಗವ್ಯಾಗ ಜೋಳಿಗಿ ಒಡ್ಡಿ ನಿಂತಿದ್ದೆ. ಮುರದ ಜಾಗಾದಾಗ ಒಂದು ಹನಿ ಕೂಡಾಕತ್ತು. ಭಾಳ ಹೊತ್ತು ತಗೊಂತು. ಕಡೀಕ ಬೀಳಾಕ ಬಂತು."

"ಎಲ್ಲೈತಿ ಹನಿ?"

"ನಾ ಜೋಳಿಗಿ ಹಿಂದ ಸರಸಿದೆ."

"ಏನಂದಿ?" ಗುಡ್ಡದಲ್ಲಿ ಎಮ್ಮೆಗಳು ಎದ್ದವು. "ನೀಡಿದ್ದನ್ನ ಬ್ಯಾಡ ಅಂದಿ? ಕಿತ್ಕೊಳ್ಳಾಕೂ ನೀನ, ಒಲ್ಲೆ ಅನ್ನಾಕೂ ನೀನ?"

"ಕೆಳಗ ನೋಡಿದೆ ಅಜ್ಜಾರ. ನೆಲದಾಗಿಂದ ಇನ್ನೊಂದು ಕಲ್ಲು ಮೊಳಕಿ ಹಂಗ ಎದ್ದಿತ್ತು. ಸಣ್ಣ ಕೂಸಿನಷ್ಟು. ಆ ಹನಿ ಅದಕ್ಕ ಹೊಂಟಿತ್ತು." ಭರಮಣ್ಣ ಗೂಟದ ಕಡೆ ನೋಡಿದ. "ಅದರ ಗಂಗಾಳದಾಗಿಂದು ನಾ ಹೆಂಗ ತಗೊಳ್ಳಿ? ಬರಿಗೈಲೆ ಬಂದೀನಿ. ಗೂಟಕ್ಕ ನಾನ ಹಾಕ್ತೀನ್ರಿ, ಕೊಡ್ರಿ."

ಅವನು ಕೈ ಚಾಚಿದ. ಅಜ್ಜಾರು ಕೊಡಲಿಲ್ಲ. ಜೋಳಿಗೆಯ ಹರಿದ ಅಂಚಿಗೆ ಎರಡು ಹೊಲಿಗೆ ಹಾಕಿದರು. ದಾರ ಹಲ್ಲಿನಿಂದ ಕಡಿದರು. ಎದ್ದು ಬಂದು ಅವನ ಹೆಗಲಿಗೇ ಹಾಕಿದರು.

"ನಾಳೆ ಕೆಳಗಿನ ಓಣಿಗೆ ನೀ ಹೋಗು."